ಹಳೆಯ ಪತ್ತೇದಾರಿ ಚಿತ್ರವೊಂದನ್ನು ಓಣಿಯವರೊಂದಿಗೆ ಕೂಡಿ ನೋಡುವ ಬಗೆ

ಬೀದರಿನ ನಮ್ಮ ಮನೆಯ ಪಡಸಾಲೆಯಲ್ಲಿ ತಿಂಗಳಿಗೊಂದು ಸಂಜೆ ಓಣಿಯ ಹತ್ತು ಹದಿನೈದು ಜನ ಸೇರಿ ಹಳೆಯ ಚಿತ್ರವೊಂದನ್ನು ನೋಡುತ್ತೇವೆ. ಶಾಲೆಗೆ ಹೋಗುವ ಮಕ್ಕಳಿಂದ ಹಿಡಿದು ಎಪ್ಪತ್ತು ದಾಟಿದ ಕಾಕಾ, ಕಾಕುಗಳವರೆಗೆ ಎಲ್ಲ ವಯಸ್ಸಿನವರೂ ಬರುತ್ತಾರೆ. ಕೆಲವರ ಮನೆಮಾತು ಕನ್ನಡ, ಕೆಲವರದು ದಖ್ಖನಿ ಉರ್ದು, ಕೆಲವರದು ಮರಾಠಿ. ಇಂಥ ಕೂಟಕ್ಕೆ ಯಾವ ಬಗೆಯ ಚಿತ್ರ ಹೊಂದುತ್ತದೆ, ಅದನ್ನು ಹೇಗೆ ತೋರಿಸಬೇಕು, ನೋಡಿದ ಮೇಲೆ ನಟನ ಕೆಲಸದ ಬಗ್ಗೆ ಹೇಗೆ ಮಾತಾಡಬೇಕು ಎಂಬುದನ್ನು ಒಂದೇ ಚಿತ್ರವನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ. ಆ ಚಿತ್ರ, 1940ರಲ್ಲಿ ಅಮೆರಿಕದ ಮೊನೊಗ್ರಾಮ್ ಪಿಕ್ಚರ್ಸ್ ತಯಾರಿಸಿ ಫಿಲ್ ರೋಸೆನ್ ನಿರ್ದೇಶಿಸಿದ ‘ಫ್ಯಾಂಟಮ್ ಆಫ್ ಚೈನಾಟೌನ್’. ಅದರ ನಾಯಕ ಜೇಮ್ಸ್ ಲೀ ವಾಂಗ್ ಎಂಬ ಪತ್ತೇದಾರ. ಆ ಪಾತ್ರವನ್ನು ವಹಿಸಿದವರು ಕೀ ಲ್ಯೂಕ್.

ಕಡಿಮೆ ದುಡ್ಡಿನ ಚಿತ್ರವನ್ನೇ ಆರಿಸಲು ಕಾರಣವಿದೆ. ಅಭಿನಯವನ್ನು ನೋಡುವುದನ್ನು ಕಲಿಯಬೇಕಾದವರಿಗೆ ದೊಡ್ಡ ಬಂಡವಾಳದ ಚಿತ್ರ ಅಡ್ಡಿಯಾಗುತ್ತದೆ, ಏಕೆಂದರೆ ಅಲ್ಲಿ ಸಂಗೀತ, ಸಜ್ಜಿಕೆ, ಜನಜಂಗುಳಿ ಎಲ್ಲವೂ ನಟನ ಕೆಲಸವನ್ನು ಹಂಚಿಕೊಂಡಿರುತ್ತವೆ, ಮತ್ತು ಮನಸ್ಸಿಗೆ ಹಿಡಿಸಿದ್ದು ನಟನೋ ಸಜ್ಜಿಕೆಯೋ ಎಂದು ಬಿಡಿಸಿ ಹೇಳುವುದು ಕಷ್ಟವಾಗುತ್ತದೆ. ನಮ್ಮ ಕಡೆಯ ಕಂಪನಿ ನಾಟಕವನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಅರಮನೆಯ ಪರದೆ ಒಂದೇ, ಕಾಡಿನ ಪರದೆ ಒಂದೇ. ಯಾವ ನಾಟಕವಿದ್ದರೂ ಅವೇ ಇಳಿಯುತ್ತವೆ. ನೋಡುವವರು ಪರದೆಗಾಗಿ ಬಂದಿರುವುದಿಲ್ಲ, ಅದರ ಮುಂದೆ ನಿಂತವರಿಗಾಗಿ ಬಂದಿರುತ್ತಾರೆ.

ಆ ಕಾಲದಲ್ಲಿ ಅಮೆರಿಕದ ಚಿತ್ರಮಂದಿರಗಳು ಒಂದೇ ಟಿಕೆಟಿಗೆ ಎರಡು ಚಿತ್ರ ತೋರಿಸುತ್ತಿದ್ದವು. ಮುಖ್ಯ ಚಿತ್ರಕ್ಕೆ ಗಲ್ಲಾಪೆಟ್ಟಿಗೆಯ ಪಾಲು ಸಿಗುತ್ತಿತ್ತು. ಜೊತೆಗಿನ ಕಿರಿಯ ಚಿತ್ರಕ್ಕೆ ಗೊತ್ತುಪಡಿಸಿದ ಬಾಡಿಗೆ ಮಾತ್ರ. ಚಿತ್ರ ಎಷ್ಟೇ ಚೆನ್ನಾಗಿ ಓಡಿದರೂ ಬರುವ ಹಣ ಅಷ್ಟೇ ಆದ್ದರಿಂದ, ಮೊನೊಗ್ರಾಮ್‌ನಂಥ ಸಣ್ಣ ಸಂಸ್ಥೆಗಳು ಖರ್ಚನ್ನು ಬಿಗಿಹಿಡಿದು, ಕೆಲವೇ ದಿನಗಳಲ್ಲಿ ಚಿತ್ರೀಕರಣ ಮುಗಿಸಿ, ಇದ್ದ ಸಜ್ಜಿಕೆಯನ್ನೇ ಮತ್ತೆ ಮತ್ತೆ ಬಳಸುತ್ತಿದ್ದವು. ಒಂದು ಗಂಟೆಯ ಆಸುಪಾಸಿನ ಈ ಚಿತ್ರ ಅಂಥ ಲೆಕ್ಕಾಚಾರದಿಂದಲೇ ಹುಟ್ಟಿದ್ದು. ನಮ್ಮಂಥ ಕೂಟಕ್ಕೆ ಈ ಅಳತೆಯೂ ಅನುಕೂಲವಾಗಿದೆ: ಊಟಕ್ಕೆ ಮೊದಲು ಒಮ್ಮೆ ನೋಡಿ, ಚಹಾ ಕುಡಿದು, ಕೆಲವು ಭಾಗಗಳನ್ನು ಮತ್ತೊಮ್ಮೆ ನೋಡಿದರೂ ಮಕ್ಕಳು ಮಲಗುವ ಹೊತ್ತು ಮೀರುವುದಿಲ್ಲ.

ಹಕ್ಕುಗಳ ವಿಷಯವನ್ನು ಮೊದಲೇ ತಿಳಿದಿರಬೇಕು. ಭಾರತದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಲನಚಿತ್ರದ ಹಕ್ಕು, ಅದು ಪ್ರಕಟವಾದ ಮರುವರ್ಷದಿಂದ ಲೆಕ್ಕ ಹಿಡಿದು 60 ವರ್ಷ ಇರುತ್ತದೆ. 1940ರ ಚಿತ್ರದ ಅವಧಿ 2000ದ ಕೊನೆಗೆ ಮುಗಿದಿದೆ. ಆದರೆ ಇತ್ತೀಚೆಗೆ ಯಾರಾದರೂ ಹೊಸದಾಗಿ ಬರೆದು ಸೇರಿಸಿದ ಸಬ್‌ಟೈಟಲ್ ಅಥವಾ ವಿವರಣೆಯ ಧ್ವನಿ ಇದ್ದರೆ ಅದರ ಹಕ್ಕು ಬೇರೆ, ಆದ್ದರಿಂದ ಅಂಥವು ಇಲ್ಲದ ಪ್ರತಿಯನ್ನೇ ಬಳಸಿರಿ. ಸಾರ್ವಜನಿಕ ಪ್ರದರ್ಶನಕ್ಕೆ 1952ರ ಚಲನಚಿತ್ರ ಕಾಯ್ದೆಯಂತೆ ಪ್ರಮಾಣಪತ್ರ ಬೇಕಾಗುವುದರಿಂದ, ಟಿಕೆಟ್ ಇಡದೆ, ಫಲಕ ಹಚ್ಚದೆ, ಕರೆದವರಷ್ಟೇ ಬರುವ ಮನೆಯ ಕೂಟವಾಗಿ ಇದನ್ನು ನಡೆಸುವುದು ಸರಿ.

ನೋಡುವ ಮೊದಲು ಏನನ್ನು ಹೇಳಬೇಕು

ಚಿತ್ರ ಹಚ್ಚುವ ಮೊದಲು ಐದು ನಿಮಿಷದ ಪೀಠಿಕೆ ಸಾಕು, ಆದರೆ ಆ ಐದು ನಿಮಿಷವನ್ನು ಬಿಡಬಾರದು. ಈ ಪತ್ತೇದಾರನ ಹಿನ್ನೆಲೆ ಗೊತ್ತಿಲ್ಲದೆ ಚಿತ್ರ ನೋಡಿದರೆ, ಸಾಧಾರಣ ಯುವಕನೊಬ್ಬ ಸಾಧಾರಣವಾಗಿ ಮಾತಾಡುತ್ತಿದ್ದಾನೆ ಎಂದಷ್ಟೇ ತೋರುತ್ತದೆ, ಮತ್ತು ಆ ಸಾಧಾರಣತೆಯೇ ಇಲ್ಲಿಯ ದೊಡ್ಡ ಸಂಗತಿ ಎಂಬುದು ಕೈತಪ್ಪಿ ಹೋಗುತ್ತದೆ.

ವಾಂಗ್ ಎಂಬ ಪತ್ತೇದಾರ ಹ್ಯೂ ವೈಲಿ ಎಂಬ ಲೇಖಕರು ‘ಕಾಲಿಯರ್ಸ್’ ವಾರಪತ್ರಿಕೆಗೆ ಬರೆದ ಕತೆಗಳಿಂದ ಬಂದವನು. ಮೊನೊಗ್ರಾಮ್ 1938ರಿಂದ 1940ರವರೆಗೆ ಆತನ ಮೇಲೆ ಆರು ಚಿತ್ರ ಮಾಡಿತು. ಮೊದಲ ಐದರಲ್ಲಿ ಈ ಚೀನೀ ಪತ್ತೇದಾರನ ಪಾತ್ರ ವಹಿಸಿದವರು ಲಂಡನ್ನಿನಲ್ಲಿ ಹುಟ್ಟಿದ ಬೋರಿಸ್ ಕಾರ್ಲಾಫ್. ಕಣ್ಣಿನ ಸುತ್ತ ಬಣ್ಣ ಹಚ್ಚಿ, ಕೂದಲು ತಿದ್ದಿ ಅವರನ್ನು ಚೀನೀಯರಂತೆ ಕಾಣಿಸಲಾಗಿತ್ತು. ಆರನೆಯ ಚಿತ್ರದಲ್ಲಿ ಮಾತ್ರ ಪಾತ್ರ ಚೀನೀ ಮೂಲದ ನಟನ ಕೈಗೆ ಬಂತು, ಮತ್ತು ಸರಣಿ ಅಲ್ಲಿಗೇ ನಿಂತಿತು.

ಕೀ ಲ್ಯೂಕ್ 1904ರಲ್ಲಿ ಚೀನಾದ ಕ್ಯಾಂಟನ್ ನಗರದಲ್ಲಿ ಹುಟ್ಟಿ, ಅಮೆರಿಕದ ಸಿಯಾಟಲ್‌ನಲ್ಲಿ ಬೆಳೆದವರು. ಮೊದಲಿಗೆ ಚಿತ್ರಕಾರರಾಗಿದ್ದು, ಚಲನಚಿತ್ರ ಸಂಸ್ಥೆಗಳ ಪ್ರಚಾರಕ್ಕೆ ಚಿತ್ರ ಬರೆಯುತ್ತ ಆ ದಾರಿಯಿಂದಲೇ ತೆರೆಗೆ ಬಂದರು. 1935ರಿಂದ ಚಾರ್ಲಿ ಚಾನ್ ಎಂಬ ಇನ್ನೊಬ್ಬ ಚೀನೀ ಪತ್ತೇದಾರನ ಚಿತ್ರಗಳಲ್ಲಿ ಹಿರಿಯ ಮಗನಾಗಿ ಜನಪ್ರಿಯರಾದರು. ಅಲ್ಲಿ ತಂದೆಯ ಪಾತ್ರದಲ್ಲಿದ್ದವರು ಸ್ವೀಡನ್ನಿನಲ್ಲಿ ಹುಟ್ಟಿದ ವಾರ್ನರ್ ಓಲಂಡ್. ಚೀನಾದ ರೈತ ಕುಟುಂಬದ ಕತೆಯಾದ ‘ದ ಗುಡ್ ಅರ್ಥ್’ 1937ರಲ್ಲಿ ತೆರೆಗೆ ಬಂದಾಗಲೂ ತಂದೆ ತಾಯಿಯ ಪಾತ್ರ ಬಿಳಿಯ ನಟರಿಗೇ ಹೋಯಿತು, ಲ್ಯೂಕ್ ಅವರಿಗೆ ಸಿಕ್ಕಿದ್ದು ಹಿರಿಯ ಮಗನ ಪಾತ್ರ. ಹೀಗೆ ವರ್ಷಗಟ್ಟಲೆ ಬಣ್ಣ ಹಚ್ಚಿಕೊಂಡ ತಂದೆಯರ ಮುಂದೆ ಮಗನಾಗಿ ನಿಂತ ನಟ, 36ನೆಯ ವಯಸ್ಸಿನಲ್ಲಿ, ತೀರ ಸಣ್ಣ ಸಂಸ್ಥೆಯೊಂದರ ಚಿತ್ರದಲ್ಲಿ ತಾನೇ ಪತ್ತೇದಾರನಾಗಿ ನಿಂತದ್ದನ್ನು ನಾವು ನೋಡಲಿದ್ದೇವೆ ಎಂದು ಕೂಟಕ್ಕೆ ಹೇಳಿರಿ. ಇದಕ್ಕಿಂತ ಹೆಚ್ಚು ಹೇಳಬೇಡಿರಿ.

ನಮ್ಮ ಭಾಗದವರಿಗೆ ಇದನ್ನು ಅರ್ಥ ಮಾಡಿಸಲು ದೂರ ಹೋಗಬೇಕಾಗಿಲ್ಲ. ಈ ಚಿತ್ರ ಬಂದ ವರ್ಷ ಬೀದರ, ಕಲಬುರಗಿ ಎರಡೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕನ್ನಡ ಮನೆಯ ಮಕ್ಕಳು ಶಾಲೆಯಲ್ಲಿ ಉರ್ದುವಿನಲ್ಲಿ ಪಾಠ ಓದುತ್ತಿದ್ದರು. ಕನ್ನಡ ರಾಜ್ಯಕ್ಕೆ ಸೇರಿದ ಮೇಲೂ ನಮ್ಮ ಸೀಮೆಯ ಮಾತು ತೆರೆಯ ಮೇಲೆ ಬಹುಪಾಲು ನಗಿಸುವ ಪಾತ್ರದ ಬಾಯಲ್ಲಿ, ಅದೂ ಈ ಸೀಮೆಯವರಲ್ಲದವರ ಬಾಯಲ್ಲಿ ಕೇಳಿಬಂದಿದೆ. ‘ಹಂಗ ಮಾತಾಡೋರು ನಮ್ಮಲ್ಲಿ ಯಾರಿದ್ದಾರ?’ ಎಂದು ನಮ್ಮ ಕೂಟದ ಕಾಕಾ ಒಬ್ಬರು ಒಮ್ಮೆ ಕೇಳಿದ್ದರು. ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಚಿತ್ರಕ್ಕೆ ಕುಳಿತವರಿಗೆ ಲ್ಯೂಕ್ ಅವರ ಮೊದಲ ಮಾತೇ ಕಿವಿಗೆ ಬೀಳುತ್ತದೆ, ಏಕೆಂದರೆ ಅದು ಅಮೆರಿಕದಲ್ಲಿ ಬೆಳೆದವನೊಬ್ಬನ ನೇರ, ತಡೆಯಿಲ್ಲದ ಇಂಗ್ಲಿಷು. ಅದರಲ್ಲಿ ಮುರುಕು ಉಚ್ಚಾರವಿಲ್ಲ, ಗಾದೆ ಉದುರಿಸುವ ಪೂರ್ವದೇಶದ ಮುದುಕನ ಧಾಟಿಯೂ ಇಲ್ಲ.

ಗೋಡೆ, ಬೆಳಕು, ಸದ್ದು

ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ತಂಪಾಗಿರುತ್ತದೆ ಎಂದು ಅಲ್ಲಿ ತೋರಿಸಲು ಮನಸ್ಸಾಗುತ್ತದೆ, ಆದರೆ ಹಳೆಯ ಚಿತ್ರಕ್ಕೆ ಮಾಳಿಗೆ ಹೊಂದುವುದಿಲ್ಲ. 1940ರ ಧ್ವನಿಪಟ್ಟಿಯಲ್ಲಿ ಮೊದಲೇ ಮರಮರ ಸದ್ದಿರುತ್ತದೆ. ಗಾಳಿ ಬೀಸಿದರೆ ಮಾತು ಪೂರ್ತಿ ಹಾರಿಹೋಗುತ್ತದೆ. ಕೆಂಪು ಕಲ್ಲಿನ ದಪ್ಪ ಗೋಡೆಯ ಪಡಸಾಲೆ ಇದ್ದವರು ಅದನ್ನೇ ಬಳಸಬೇಕು. ಸುಣ್ಣ ಬಳಿದ ಗೋಡೆ ಬಿಳಿಯ ಬಟ್ಟೆಗಿಂತ ಮೇಲು, ಬಟ್ಟೆ ಅಲುಗಾಡುತ್ತದೆ. ಸ್ಪೀಕರನ್ನು ನೋಡುವವರ ಹಿಂದೆ ಇಡದೆ ಗೋಡೆಯ ಬುಡದಲ್ಲಿ, ಚಿತ್ರದ ಕೆಳಗೇ ಇಟ್ಟು, ಬೇಸ್ ಅನ್ನು, ಅಂದರೆ ತಗ್ಗು ಸ್ವರದ ಗುಂಯ್‌ಗುಡುವಿಕೆಯನ್ನು, ಇಳಿಸಿದರೆ ಮಾತು ಸ್ಪಷ್ಟವಾಗುತ್ತದೆ.

ಟಿವಿಯಲ್ಲಿ ನೋಡುವುದಾದರೆ ಎರಡು ಸಂಗತಿಗಳನ್ನು ಸರಿಪಡಿಸಬೇಕು. ಈ ಕಾಲದ ಚಿತ್ರದ ಚೌಕಟ್ಟು ಹೆಚ್ಚು ಕಡಿಮೆ ನಾಲ್ಕಕ್ಕೆ ಮೂರರ ಅಳತೆಯದು. ಇಂದಿನ ಟಿವಿ ಅದನ್ನು ಅಗಲಕ್ಕೆ ಎಳೆದು ಮುಖಗಳನ್ನು ಚಪ್ಪಟೆ ಮಾಡುತ್ತದೆ, ಆದ್ದರಿಂದ ಎಡಬಲದಲ್ಲಿ ಕಪ್ಪು ಪಟ್ಟಿ ಉಳಿಯುವ ಹಾಗೆ ಮೂಲ ಅಳತೆಗೆ ಇಡಬೇಕು. ಚಲನೆಯನ್ನು ನಯಗೊಳಿಸುವ ಸೌಲಭ್ಯವನ್ನು ಪೂರ್ತಿ ಆರಿಸಬೇಕು. ಸೆಕೆಂಡಿಗೆ 24 ಚೌಕಟ್ಟಿನ ಚಿತ್ರಕ್ಕೆ ಅದು ಇಲ್ಲದ ಜಾರಿಕೆಯನ್ನು ತಂದು ನಟನ ಚಿಕ್ಕ ಚಲನೆಗಳನ್ನು ಕೆಡಿಸುತ್ತದೆ.

ಕಪ್ಪು ಬಿಳುಪನ್ನು ಹದಗೊಳಿಸಲು ನಾನು ಬಿದರಿಯ ತಟ್ಟೆಯೊಂದನ್ನು ಟಿವಿಯ ಪಕ್ಕದಲ್ಲಿಡುತ್ತೇನೆ. ಬಿದರಿ ಮಾಡುವುದನ್ನು ಕಂಡವರಿಗೆ ಇದರ ತರ್ಕ ತಿಳಿದಿರುತ್ತದೆ. ಸತುವಿಗೆ ತುಸು ತಾಮ್ರ ಸೇರಿಸಿ ಎರಕ ಹೊಯ್ದು, ಉಳಿಯಿಂದ ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂಡಿಸಿ ನಯ ಮಾಡಿದಾಗ ಬೆಳ್ಳಿ ಮತ್ತು ಎರಕ ಎರಡೂ ಒಂದೇ ಬೂದು ಬಣ್ಣದಲ್ಲಿ ಕಲಸಿಹೋಗಿರುತ್ತವೆ. ಬೀದರ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕಿದ ಮೇಲೆ ಎರಕ ಗಾಢ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಉಳಿದು ಬಳ್ಳಿ ಹೂವುಗಳು ಎದ್ದು ಬರುತ್ತವೆ. ಹಳೆಯ ಚಿತ್ರದ ಹದವೂ ಇದೇ. ಕಪ್ಪು ನಿಜವಾಗಿ ಕಪ್ಪಾಗುವವರೆಗೆ ಬ್ರೈಟ್‌ನೆಸ್ ಇಳಿಸಿರಿ, ಆದರೆ ಲ್ಯೂಕ್ ಅವರ ಗಾಢ ಬಣ್ಣದ ಕೋಟಿನ ಮಡಿಕೆ ಕಾಣುವಷ್ಟು ಉಳಿಸಿರಿ. ಕೋಟು ಹಿಂದಿನ ಗೋಡೆಯಲ್ಲಿ ಕರಗಿಹೋದರೆ ಇಳಿಸಿದ್ದು ಹೆಚ್ಚಾಯಿತು ಎಂದು ಅರ್ಥ. ಮುಖ ಸುಣ್ಣದಂತೆ ಬೆಳ್ಳಗಾಗಿ ಕೆನ್ನೆಯ ಏರಿಳಿತ ಅಳಿಸಿದರೆ ಕಾಂಟ್ರಾಸ್ಟ್ ಹೆಚ್ಚಾಗಿದೆ.

ಕರೆಂಟು ಹೋಗುವ ದಿನಗಳಲ್ಲಿ ಪ್ರೊಜೆಕ್ಟರ್ ಮತ್ತು ಸ್ಪೀಕರನ್ನು ಇನ್ವರ್ಟರಿಗೆ ಜೋಡಿಸಿಕೊಳ್ಳಿರಿ.

ಕನ್ನಡದ ಸಾಲುಗಳನ್ನು ಬರೆಯುವುದು

ಮೊದಲ ಸಲ ಈ ಚಿತ್ರ ತೋರಿಸಿದಾಗ ನಾನು ಗೋಡೆಯ ಪಕ್ಕ ನಿಂತು ಪ್ರತಿ ಮಾತನ್ನೂ ಕನ್ನಡದಲ್ಲಿ ಹೇಳುತ್ತ ಹೋದೆ. ಜನ ಕತೆಯನ್ನೇನೋ ಹಿಡಿದರು, ಆದರೆ ಅವರ ಕಣ್ಣು ನನ್ನ ಮೇಲಿತ್ತು, ಕಿವಿಗೆ ಲ್ಯೂಕ್ ಅವರ ಧ್ವನಿ ಬೀಳಲೇ ಇಲ್ಲ. ಧ್ವನಿಯೇ ಮುಖ್ಯವಾದ ಅಭಿನಯವನ್ನು ನಾನೇ ಮುಚ್ಚಿಹಾಕಿದ್ದೆ ಎಂಬುದು ಇಂದಿಗೂ ನನಗೆ ನೋವಿನ ಸಂಗತಿ. ಅಂದಿನಿಂದ ಬಾಯಿಂದ ಹೇಳುವುದನ್ನು ಬಿಟ್ಟು ಸಬ್‌ಟೈಟಲ್ ಬರೆಯುತ್ತಿದ್ದೇನೆ. ಒಂದು ಗಂಟೆಯ ಚಿತ್ರಕ್ಕೆ ದಿನಕ್ಕೆ ಒಂದು ತಾಸಿನಂತೆ ಎರಡು ವಾರ ಹಿಡಿಯುತ್ತದೆ, ಆ ಶ್ರಮ ವ್ಯರ್ಥವಲ್ಲ.

ಸಬ್‌ಟೈಟಲ್ ಕಡತವೆಂದರೆ ಸರಳ ಪಠ್ಯ: ಕ್ರಮಸಂಖ್ಯೆ, ಸಾಲು ಮೂಡುವ ಮತ್ತು ಮಾಯವಾಗುವ ವೇಳೆ, ಅದರ ಕೆಳಗೆ ಮಾತು. ಅದನ್ನು ಎಲ್ಲ ಲಿಪಿಗಳನ್ನೂ ಹಿಡಿಯುವ ಯುಟಿಎಫ್-8 ಎಂಬ ರೂಪದಲ್ಲಿ ಉಳಿಸದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ನಮ್ಮ ಲಿಪಿಗೆ ಇನ್ನೊಂದು ತೊಡಕಿದೆ. ಒತ್ತಕ್ಷರಗಳು ಸಾಲಿನಿಂದ ಕೆಳಗೆ ಇಳಿಯುವುದರಿಂದ, ತೆರೆಯ ಅಂಚಿಗೆ ತಾಗಿಸಿ ಇಟ್ಟರೆ ‘ಪತ್ತೆ’ ಎಂಬಲ್ಲಿ ಒತ್ತು ಕತ್ತರಿಸಿಹೋಗುತ್ತದೆ, ಆದ್ದರಿಂದ ಸಾಲನ್ನು ಅಂಚಿನಿಂದ ತುಸು ಮೇಲಕ್ಕೆ ಎತ್ತಿ ಇಡಬೇಕು. ಒಮ್ಮೆಗೆ ಎರಡು ಸಾಲಿಗಿಂತ ಹೆಚ್ಚು ಬೇಡ. ಮಾತಿಗೂ ಸಾಲಿಗೂ ಹೊಂದಿಕೆ ತಪ್ಪಿದರೆ ಚಿತ್ರ ತೋರಿಸುವ ವಿಎಲ್‌ಸಿ ಎಂಬ ತಂತ್ರಾಂಶದಲ್ಲಿ ಇಂಗ್ಲಿಷಿನ ಜಿ ಮತ್ತು ಎಚ್ ಕೀಲಿಗಳನ್ನು ಒತ್ತಿ ಹಿಂದುಮುಂದು ಮಾಡಬಹುದು.

ಇವೆಲ್ಲಕ್ಕಿಂತ ಮುಖ್ಯವಾದದ್ದು, ಯಾರ ಬಾಯಲ್ಲಿ ಎಂಥ ಕನ್ನಡ ಇಡಬೇಕು ಎಂಬುದು. ಪೊಲೀಸ್ ಅಧಿಕಾರಿ ಕ್ಯಾಪ್ಟನ್ ಸ್ಟ್ರೀಟ್ ಮತ್ತು ವಾಂಗ್ ಇಬ್ಬರೂ ಒಂದೇ ಬಗೆಯ ಕನ್ನಡ ಆಡಬೇಕು. ಅಧಿಕಾರಿಗೆ ಗಟ್ಟಿ ಕನ್ನಡ ಕೊಟ್ಟು ವಾಂಗ್‌ಗೆ ಪುಸ್ತಕದ ನಾಜೂಕು ಭಾಷೆ ಕೊಟ್ಟರೆ, ಅಥವಾ ಚೀನೀಯನೆಂದು ತೋರಿಸಲು ಮಾತನ್ನು ಎಲ್ಲಿಯಾದರೂ ಮುರಿದರೆ, ಈ ನಟ ಗಳಿಸಿಕೊಂಡದ್ದನ್ನು ನಾವು ಕಸಿದುಕೊಂಡಂತಾಗುತ್ತದೆ. ನಾನು ಇಬ್ಬರಿಗೂ ಬೀದರಿನ ಕಚೇರಿಗಳಲ್ಲಿ ಕೇಳುವ ಮಾತನ್ನೇ ಕೊಟ್ಟೆ. ಸಂಬೋಧನೆಯ ವಿಷಯದಲ್ಲಿ ಬಹಳ ಯೋಚಿಸಬೇಕಾಯಿತು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಸರ್ವನಾಮ ಇರುವುದರಿಂದ ಸ್ಟ್ರೀಟ್ ವಾಂಗ್‌ನನ್ನು ಕನ್ನಡದಲ್ಲಿ ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ ಎಂಬುದನ್ನು ಅನುವಾದಕನೇ ತೀರ್ಮಾನಿಸಬೇಕು, ಮತ್ತು ಆ ಒಂದು ತೀರ್ಮಾನದಿಂದ ಇಬ್ಬರ ನಡುವಿನ ತೂಕವೇ ಬದಲಾಗುತ್ತದೆ. ಮೊದಲು ‘ನೀನು’ ಎಂದು ಬರೆದೆ. ಓದಿ ನೋಡಿದಾಗ ಮೇಲಿನವನು ಕೆಳಗಿನವನನ್ನು ಕರೆದಂತೆ ಕೇಳಿಸಿತು. ಈಗ ಇಬ್ಬರೂ ಪರಸ್ಪರ ‘ನೀವು’ ಎನ್ನುತ್ತಾರೆ; ಅವರ ನಡುವೆ ಸಲಿಗೆ ಬೆಳೆಯುವುದನ್ನು ಸರ್ವನಾಮಕ್ಕೆ ಬಿಡದೆ ನಟರ ಮುಖಕ್ಕೆ ಬಿಟ್ಟಿದ್ದೇನೆ.

ಇನ್ನೊಂದು ಕಗ್ಗಂಟು ಚಿತ್ರದ ಆರಂಭದಲ್ಲೇ ಬರುತ್ತದೆ. ಮಂಗೋಲಿಯಾದ ಶೋಧಯಾತ್ರೆಯಿಂದ ಮರಳಿದ ಪುರಾತತ್ವ ವಿದ್ವಾಂಸ ಡಾಕ್ಟರ್ ಬೆಂಟನ್ ಸಾಯುವಾಗ ಆಡುವ ಎರಡು ಪದಗಳಿಗೆ ‘ಎಂದೂ ಆರದ ಬೆಂಕಿ’ ಎಂಬ ಅರ್ಥವಿದೆ, ಮತ್ತು ಇಡೀ ರಹಸ್ಯ ಆ ಪದಗಳ ಮೇಲೆ ನಿಂತಿದೆ. ಮೊದಲು ನನಗೆ ಹೊಳೆದದ್ದು ‘ನಂದಾದೀಪ’. ಕೇಳಲು ಸೊಗಸು, ಎಲ್ಲರಿಗೂ ಗೊತ್ತಿರುವ ಪದ, ಆದರೆ ಅದನ್ನು ಓದಿದ ಕೂಡಲೇ ಕಣ್ಣಿಗೆ ಗರ್ಭಗುಡಿಯ ಎಣ್ಣೆಯ ದೀಪ ಬರುತ್ತದೆ, ಯಾರೋ ಬತ್ತಿ ಹಚ್ಚಿ ಎಣ್ಣೆ ಹೊಯ್ದು ಕಾಯ್ದ ದೀಪ. ಚಿತ್ರ ನೋಡುವವರ ಊಹೆ ಅಲ್ಲಿಯೇ ದಾರಿ ತಪ್ಪುತ್ತದೆ. ‘ಅಖಂಡ ಜ್ಯೋತಿ’ಗೂ ಅದೇ ತೊಂದರೆ. ಕೊನೆಗೆ ‘ಆರದ ಬೆಂಕಿ’ ಎಂದೇ ಇಟ್ಟೆ. ಏಕೆ ಅದೇ ಸರಿ ಎಂದು ಇಲ್ಲಿ ಬಿಡಿಸಿ ಹೇಳಿದರೆ ಗುಟ್ಟು ರಟ್ಟಾಗುತ್ತದೆ, ಚಿತ್ರ ಮುಗಿದಾಗ ತಾನೇ ತಿಳಿಯುತ್ತದೆ.

ಮೊದಲ ನೋಟ

ಮೊದಲ ಸಲ ಎಲ್ಲಿಯೂ ವಿವರಿಸದೆ ನೋಡಬೇಕು. ನಿಲ್ಲಿಸುವುದಾದರೆ ಒಂದೇ ಕಡೆ, ಸುಮಾರು ನಲವತ್ತನೆಯ ನಿಮಿಷದಲ್ಲಿ. ಆಗ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಕೊಲೆಗಾರ ಯಾರೆಂದು ಬರೆದು, ಹಾಗೆ ಅನ್ನಿಸಲು ತೆರೆಯ ಮೇಲೆ ಕಂಡ ಒಂದು ಕಾರಣವನ್ನೂ ಬರೆದು ಮಡಚಿ ಡಬ್ಬಿಯಲ್ಲಿ ಹಾಕಲು ಹೇಳಿರಿ. ‘ಅವನ ಮುಖ ನೋಡಿದರೇ ಗೊತ್ತಾಗುತ್ತದೆ’ ಎಂದು ಬರೆದವರನ್ನು, ಮುಖದಲ್ಲಿ ಏನು ಕಂಡಿತು ಎಂದು ಕೇಳಿರಿ. ಚೀಟಿಯ ಈ ಆಟದಿಂದ ಜನ ನಟರನ್ನು ದಿಟ್ಟಿಸಿ ನೋಡತೊಡಗುತ್ತಾರೆ. ಮೊಬೈಲಿನಲ್ಲಿ ಹುಡುಕಿ ಉತ್ತರ ಹೇಳಬಾರದು ಎಂಬುದನ್ನು ಮೊದಲೇ ಕಟ್ಟುನಿಟ್ಟಾಗಿ ಹೇಳಬೇಕು.

ಆರಂಭದ ದೃಶ್ಯಕ್ಕೆ ಮಾತ್ರ ಎಲ್ಲರೂ ಕುಳಿತು ಸುಮ್ಮನಾಗುವವರೆಗೆ ಕಾಯಬೇಕು, ಏಕೆಂದರೆ ಚಿತ್ರದ ಜಾಣತನವೆಲ್ಲ ಅಲ್ಲಿದೆ. ಬೆಂಟನ್ ತನ್ನ ಯಾತ್ರೆಯ ಚಲನಚಿತ್ರವನ್ನು ಸಭಿಕರಿಗೆ ತೋರಿಸುತ್ತ ಉಪನ್ಯಾಸ ಕೊಡುತ್ತಿದ್ದಾನೆ. ಮರುಭೂಮಿ, ಧೂಳು, ಒಂಟೆಗಳನ್ನು ಆ ಒಳಚಿತ್ರದಲ್ಲಿ ತೋರಿಸಿಬಿಡುವುದರಿಂದ ಮಂಗೋಲಿಯಾದ ಸಜ್ಜಿಕೆ ಕಟ್ಟುವ ಖರ್ಚು ಉಳಿಯಿತು; ಜೊತೆಗೆ ಕತ್ತಲ ಸಭಾಂಗಣವೂ ದೊರೆಯಿತು. ಮಾತಿನ ನಡುವೆ ಮೇಜಿನ ಮೇಲಿದ್ದ ನೀರನ್ನು ಕುಡಿದ ಬೆಂಟನ್ ಎಲ್ಲರ ಕಣ್ಣೆದುರೇ ಕುಸಿಯುತ್ತಾನೆ. ದುಡ್ಡಿನ ಕೊರತೆಯೇ ಇಲ್ಲಿ ಒಳ್ಳೆಯ ದೃಶ್ಯಕ್ಕೆ ಕಾರಣವಾಗಿದೆ. ನಮ್ಮ ಕೂಟದಲ್ಲಿ ಮೂರನೆಯ ಇಯತ್ತೆಯ ಹುಡುಗಿಯೊಬ್ಬಳು ಸ್ಟೀಲಿನ ಲೋಟ ಹಿಡಿದು ನೀರು ಕುಡಿಯುತ್ತ ನೋಡುತ್ತಿದ್ದಳು. ಬೆಂಟನ್ ಬಿದ್ದ ಮೇಲೆ ಆಕೆ ಲೋಟವನ್ನು ಕಣ್ಣ ಹತ್ತಿರ ತಂದು ಒಳಗೆ ಇಣುಕಿದಳು, ಆಮೇಲೆ ಅದನ್ನು ಎರಡೂ ಕೈಯಿಂದ ಎತ್ತಿ ಅಜ್ಜಿಯ ಕಡೆಗೆ ಸರಿಸಿ ಇಟ್ಟಳು. ಚಿತ್ರ ಮುಗಿಯುವವರೆಗೂ ಅದನ್ನು ಮುಟ್ಟಲಿಲ್ಲ.

ಎರಡನೆಯ ನೋಟ: ನಟನನ್ನು ನೋಡುವುದು

ಕೊಲೆಗಾರ ಯಾರೆಂದು ತಿಳಿದ ಮೇಲೆ ಪತ್ತೇದಾರಿ ಚಿತ್ರದಲ್ಲಿ ಏನೂ ಉಳಿಯುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ನನ್ನ ಅನುಭವ ಬೇರೆ. ಅಭಿನಯದ ಮಟ್ಟಿಗೆ ಚಿತ್ರ ಶುರುವಾಗುವುದೇ ಆಗ, ಏಕೆಂದರೆ ‘ಮುಂದೇನು’ ಎಂಬ ಆತುರ ತೀರಿ, ‘ಹೇಗೆ’ ಎಂದು ನೋಡುವ ಬಿಡುವು ಸಿಗುತ್ತದೆ.

ವಾಂಗ್ ಮತ್ತು ಸ್ಟ್ರೀಟ್ ಕೂಡಿ ಮಾತಾಡುವ ಒಂದು ದೃಶ್ಯವನ್ನು ಆರಿಸಿ, ಸದ್ದು ಪೂರ್ತಿ ನಿಲ್ಲಿಸಿ, ಎರಡು ಮೂರು ನಿಮಿಷ ತೋರಿಸಿರಿ. ಕಡಿಮೆ ದುಡ್ಡಿನ ಚಿತ್ರದಲ್ಲಿ ಕ್ಯಾಮೆರಾ ಬಹುಪಾಲು ಒಂದೇ ಕಡೆ ನಿಂತು ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದಿರುತ್ತದೆ. ಕ್ಯಾಮೆರಾ ಜಾಗ ಬದಲಿಸಿದಾಗಲೆಲ್ಲ ದೀಪಗಳನ್ನು ಮತ್ತೆ ಹೊಂದಿಸಬೇಕು, ಅದಕ್ಕೆ ಹೊತ್ತು ಬೇಕು, ಹೊತ್ತಿಗೆ ದುಡ್ಡು ಬೇಕು. ಹೀಗಾಗಿ ಒಬ್ಬರ ಮಾತಿಗೆ ಇನ್ನೊಬ್ಬರ ಮುಖವನ್ನು ಬೇರೆಯಾಗಿ ತೋರಿಸಿ ಭಾವ ಹುಟ್ಟಿಸುವ ಅನುಕೂಲ ನಟನಿಗೆ ಇರುವುದಿಲ್ಲ. ಮಾತಿಲ್ಲದಾಗಲೂ ಆತ ಚೌಕಟ್ಟಿನಲ್ಲೇ ನಿಂತು ಕೇಳುತ್ತಿರಬೇಕಾಗುತ್ತದೆ. ಸದ್ದಿಲ್ಲದೆ ನೋಡುವವರಿಗೆ ಕೊಡಬೇಕಾದ ಕೆಲಸ ಒಂದೇ: ಸ್ಟ್ರೀಟ್ ಪಾತ್ರದ ಗ್ರ್ಯಾಂಟ್ ವಿದರ್ಸ್ ಮಾತಾಡುವಾಗ ಲ್ಯೂಕ್ ಏನು ಮಾಡುತ್ತಿದ್ದಾರೆ ಎಂದು ನೋಡುವುದು. ವಿದರ್ಸ್ ಅವರದು ಏರುದನಿಯ, ಕೈ ಬೀಸುವ, ಮುನ್ನುಗ್ಗುವ ರೀತಿ. ಅದರ ಎದುರು ಲ್ಯೂಕ್ ದೇಹವನ್ನು ಸಡಿಲವಾಗಿ ಬಿಟ್ಟು ನಿಲ್ಲುತ್ತಾರೆ, ಆದರೆ ಕಣ್ಣು ಮಾತಾಡುವವರನ್ನು ಬಿಡುವುದಿಲ್ಲ. ಉತ್ತರಿಸಲು ಆತುರವಿಲ್ಲ, ಕುಗ್ಗಿದ ಭಾವವೂ ಇಲ್ಲ.

ಸದ್ದು ಹಚ್ಚಿ ಅದೇ ಭಾಗವನ್ನು ಮತ್ತೆ ನೋಡಿದಾಗ ಧ್ವನಿ ಅದೇ ನಿಲುವಿನಿಂದ ಬರುತ್ತಿರುವುದು ತಿಳಿಯುತ್ತದೆ. ಮಾತು ಹಗುರ, ವೇಗ ಸಮ, ಕೊನೆಯಲ್ಲಿ ಸಣ್ಣ ನಗೆಯ ನೆರಳು. ಪತ್ತೇದಾರನೆಂದರೆ ಗಂಭೀರವಾಗಿ ನಿಂತು ತೀರ್ಪು ಕೊಡುವವನು ಎಂಬ ರೂಢಿಗೆ ಲ್ಯೂಕ್ ಒಗ್ಗಿಕೊಳ್ಳುವುದಿಲ್ಲ. ಅವರ ವಾಂಗ್ ಇನ್ನೂ ಕಲಿಯುತ್ತಿರುವ ತರುಣ, ಸತ್ತ ಬೆಂಟನ್‌ನ ಶಿಷ್ಯ. ಬುದ್ಧಿಯನ್ನು ಮೆರೆಯುವುದಕ್ಕಿಂತ ವಿಷಯ ತಿಳಿಯುವುದು ಆತನಿಗೆ ಮುಖ್ಯ. ಚೀನಾದ ಚಕ್ರವರ್ತಿಯ ಗೋರಿಯನ್ನು ಅಮೆರಿಕದವರು ಅಗೆದು ತಂದ ಸಂಗತಿ ಮಾತಿಗೆ ಬಂದಾಗ, ಅದಕ್ಕೆ ಬದಲಾಗಿ ಚೀನೀಯರು ಜಾರ್ಜ್ ವಾಷಿಂಗ್ಟನ್‌ರ ಗೋರಿಯನ್ನು ಅಗೆಯುತ್ತಿದ್ದಾರೆ ಎಂಬ ಅರ್ಥದ ಮಾತೊಂದು ಚಿತ್ರದಲ್ಲಿ ಬರುತ್ತದೆ. ಆ ಕಾಲದ ಕಿರಿಯ ಚಿತ್ರವೊಂದರಲ್ಲಿ ಇಂಥ ಮಾತು ಬಂದದ್ದೇ ಅಚ್ಚರಿ. ಅದನ್ನು ಒತ್ತಿ ಹೇಳಿದ್ದರೆ ಭಾಷಣವಾಗುತ್ತಿತ್ತು, ಚಿತ್ರ ಅದನ್ನು ಹಗುರವಾಗಿ ಹಾಯಿಸಿಕೊಂಡು ಹೋಗುತ್ತದೆ. ಈ ಜಾಗದಲ್ಲಿ ಒಮ್ಮೆ ನಿಲ್ಲಿಸಿ, ಆ ಮಾತು ಕೇಳಿದವರ ಮುಖದಲ್ಲಿ ಏನಾಗುತ್ತದೆ ಎಂದು ನೋಡಲು ಹೇಳಿರಿ.

ನಂತರ ಕಾರ್ಲಾಫ್ ಅವರ ವಾಂಗ್ ಚಿತ್ರಗಳಲ್ಲಿ ಮೊದಲನೆಯದನ್ನು, ಅಂದರೆ 1938ರ ‘ಮಿಸ್ಟರ್ ವಾಂಗ್, ಡಿಟೆಕ್ಟಿವ್’ ಅನ್ನು, ಹತ್ತು ನಿಮಿಷ ತೋರಿಸಿರಿ. ಇದನ್ನು ಬಹಳ ಎಚ್ಚರದಿಂದ ಮಾಡಬೇಕು. ಕಾರ್ಲಾಫ್ ಸಾಮಾನ್ಯ ನಟರಲ್ಲ, ಅವರ ವಾಂಗ್ ಮೆಲುದನಿಯ, ಸಭ್ಯ, ಬುದ್ಧಿವಂತ ವ್ಯಕ್ತಿ. ಪಾತ್ರವನ್ನು ಹಂಗಿಸಬೇಕೆಂಬ ಉದ್ದೇಶ ಅವರ ಅಭಿನಯದಲ್ಲಿ ಎಲ್ಲಿಯೂ ಕಾಣುವುದಿಲ್ಲ. ನಗಲು ತೋರಿಸುತ್ತಿದ್ದೇವೆ ಎಂಬ ಭಾವ ಕೂಟದಲ್ಲಿ ಹುಟ್ಟಿದರೆ ಹೋಲಿಕೆ ಕೆಟ್ಟುಹೋಗುತ್ತದೆ. ಕೇಳಬೇಕಾದ ಪ್ರಶ್ನೆ ಇದು: ಕಾರ್ಲಾಫ್ ತಮ್ಮ ಶಕ್ತಿಯಲ್ಲಿ ಎಷ್ಟು ಪಾಲನ್ನು ಚೀನೀಯನಂತೆ ಕಾಣಿಸಿಕೊಳ್ಳಲು ಬಳಸಬೇಕಾಗಿದೆ, ಮತ್ತು ಅಂಥ ಕೆಲಸವೇ ಇಲ್ಲದ ಲ್ಯೂಕ್ ಆ ಪಾಲನ್ನು ಯಾವುದಕ್ಕೆ ಬಳಸಿದ್ದಾರೆ? ಬಣ್ಣದ ಭಾರವಿರುವ ಕಣ್ಣುಗಳು ಕಡಿಮೆ ಅಲುಗುತ್ತವೆ, ನಡಿಗೆ ಅಳೆದಂತಿರುತ್ತದೆ, ಪ್ರತಿ ಮಾತೂ ತೂಗಿ ಬರುತ್ತದೆ. ಲ್ಯೂಕ್ ಅವರ ಕಣ್ಣು ಸುತ್ತಲಿನ ಎಲ್ಲವನ್ನೂ ಹಿಡಿಯುತ್ತ ಓಡಾಡುತ್ತದೆ. ನಮ್ಮ ಕೂಟದ ಕಾಲೇಜು ಹುಡುಗನೊಬ್ಬ ಇದನ್ನು ನೋಡಿ, ‘ಅವರು ಪಾತ್ರ ಹೊತ್ತುಕೊಂಡು ನಡೀತಾರ್ರಿ, ಇವರು ಬರೇ ನಡೀತಾರ’ ಎಂದ.

ವಿನ್ ಲೆನ್ ಎಂಬ ಕಾರ್ಯದರ್ಶಿಯ ಪಾತ್ರದ ಲೋಟಸ್ ಲಾಂಗ್ ಅವರನ್ನೂ ಗಮನಿಸಬೇಕು. ಕಾರ್ಲಾಫ್ ಅವರ ಚಿತ್ರಗಳಲ್ಲೂ ಬೇರೆ ಸಣ್ಣ ಪಾತ್ರಗಳಲ್ಲಿ ಬಂದಿದ್ದ ಈ ನಟಿ ಜಪಾನಿ ಮತ್ತು ಹವಾಯಿ ಮೂಲದವರು. ಲ್ಯೂಕ್ ಮತ್ತು ಲಾಂಗ್ ಇಬ್ಬರೇ ಇರುವ ದೃಶ್ಯಗಳಲ್ಲಿ ಏಷ್ಯಾ ಮೂಲದ ಇಬ್ಬರು ವಿದ್ಯಾವಂತರು ಕತೆಯನ್ನು ತಾವೇ ಮುಂದಕ್ಕೆ ನಡೆಸುವುದು ಕಾಣುತ್ತದೆ.

ದೋಷಗಳನ್ನು ಮುಚ್ಚಿಡುವ ಅಗತ್ಯವಿಲ್ಲ. ಕತೆ ಅಲ್ಲಲ್ಲಿ ಎಡವುತ್ತದೆ, ಕೆಲವು ಪೋಷಕ ನಟರು ಪಾಠ ಒಪ್ಪಿಸುವಂತೆ ಮಾತಾಡುತ್ತಾರೆ, ಬಡಿದಾಟ ಅವಸರದ್ದು. ಇವನ್ನು ಕೂಟವೇ ಹೇಳಲಿ. ಹೇಳಿದ ಮೇಲೆ, ಸುತ್ತಲಿನದು ಸಡಿಲವಾದ ಅಂಥ ಒಂದು ದೃಶ್ಯವನ್ನೇ ಮತ್ತೆ ಹಚ್ಚಿ ಲ್ಯೂಕ್ ಅವರನ್ನಷ್ಟೇ ನೋಡಲು ಹೇಳಿರಿ. ಎದುರಿನ ನಟನ ಮಾತು ಎಷ್ಟೇ ಸಪ್ಪೆಯಾಗಿದ್ದರೂ, ಅದನ್ನು ಮೊದಲ ಸಲ ಕೇಳುತ್ತಿರುವವರ ಹಾಗೆ ಅವರು ಕೇಳುತ್ತಾರೆ.

ಈ ಪಾತ್ರ ಅವರಿಗೆ ಮತ್ತೆ ಸಿಗಲಿಲ್ಲ ಎಂಬುದನ್ನು ಕೊನೆಯಲ್ಲಿ ತಿಳಿಸಿರಿ, ಯಾಕೆಂದರೆ ಜನ ಕೇಳಿಯೇ ಕೇಳುತ್ತಾರೆ. ಲ್ಯೂಕ್ 1991ರಲ್ಲಿ ತೀರಿಕೊಳ್ಳುವವರೆಗೂ ನಟಿಸುತ್ತಲೇ ಇದ್ದರು. 1970ರ ದಶಕದ ‘ಕುಂಗ್ ಫು’ ಧಾರಾವಾಹಿಯ ಕುರುಡು ಗುರು ಮಾಸ್ಟರ್ ಪೋ, ಲ್ಯೂಕ್ ಅವರ ಪಾತ್ರಗಳಲ್ಲಿ ಹೆಚ್ಚು ಜನ ಬಲ್ಲದ್ದು. ಯಾರ ಮಗನಾಗಿ ನಟಿಸಿ ಹೆಸರಾದರೋ ಆ ಚಾರ್ಲಿ ಚಾನ್‌ಗೆ, 1972ರ ಮಕ್ಕಳ ಕಾರ್ಟೂನ್ ಸರಣಿಯಲ್ಲಿ ಧ್ವನಿ ಕೊಟ್ಟವರೂ ಅವರೇ.

ಚೀಟಿಗಳ ಡಬ್ಬಿಯನ್ನು ತೆರೆಯುವುದು ಇದೆಲ್ಲ ಆದ ಮೇಲೆ. ಒಂದೊಂದನ್ನೇ ಓದಿ, ಉತ್ತರ ತಪ್ಪಾಗಿದ್ದರೂ ಕಾರಣ ತೆರೆಯ ಮೇಲೆ ನಿಜವಾಗಿ ಕಂಡದ್ದೇ ಆಗಿದ್ದರೆ ಆ ಚೀಟಿಯನ್ನು ಬೇರೆ ತೆಗೆದಿಡಿರಿ, ಮುಂದಿನ ತಿಂಗಳು ಯಾವ ದೃಶ್ಯಗಳ ಬಳಿ ನಿಲ್ಲಿಸಿ ಮಾತಾಡಬೇಕೆಂಬುದು ಅದರಿಂದ ಗೊತ್ತಾಗುತ್ತದೆ. ಸಬ್‌ಟೈಟಲಿನಲ್ಲಿ ಯಾವ ಮಾತು ತೊಡಕಾಯಿತೆಂದು ಹಿರಿಯರನ್ನು ಕೇಳಿ, ಅವರು ಹೋಗುವ ಮೊದಲೇ ಕಡತದಲ್ಲಿ ತಿದ್ದಿರಿ. ಕಳೆದ ಸಲ ಅಜ್ಜಿಯೊಬ್ಬರು ಚಪ್ಪಲಿ ಮೆಟ್ಟುತ್ತ ಬಾಗಿಲಲ್ಲಿ ನಿಂತು, ‘ಸಂಶೋಧನಾ ಯಾತ್ರೆ ಅಂತ ಬರ್ದೀಯಲ್ಲ ತಮ್ಮಾ, ಅದನ್ನ ಓದೂದ್ರಾಗ ಆ ಮನಷಾ ನೀರು ಕುಡದು ಬಿದ್ದಿದ್ದ’ ಎಂದರು. ಈಗ ಆ ಸಾಲಿನಲ್ಲಿ ‘ಶೋಧಯಾತ್ರೆ’ ಎಂದಷ್ಟೇ ಇದೆ.